ಗದ್ದಲದೊಳಗಿನ ಹಾಡು: ನಾಯ್ಸ್ ರಾಕ್ ರಸಿಕರಿಗೊಂದು ಕೈಪಿಡಿ

ನಾಯ್ಸ್ ರಾಕ್ ತಂಡವೊಂದರ ಹೊಸ ಆಲ್ಬಂ ಬಂತೆಂದರೆ ಅದರ ಅಭಿಮಾನಿಗಳಲ್ಲಿ ಎರಡು ಪಂಗಡ ಏಳುವುದು ಖಚಿತ. 'ಗದ್ದಲ ಸಾಲದು' ಎಂದು ಮುಖ ಸಿಂಡರಿಸುವವರು ಒಂದು ಕಡೆ, 'ಸದ್ಯ, ಈಗಲಾದರೂ ಹಾಡು ಕೇಳಿಸಿತಲ್ಲ' ಎಂದು ಸಮಾಧಾನಪಡುವವರು ಇನ್ನೊಂದು ಕಡೆ. ಹೊಸಬರಿಗೆ ಇಬ್ಬರ ಮಾತೂ ಒಗಟು. ಗದ್ದಲ ಕೇಳಲೆಂದೇ ಯಾರಾದರೂ ದುಡ್ಡು ಕೊಡುತ್ತಾರೆಯೇ? ಹಾಡು ಸರಿಯಾಗಿ ಕೇಳಿಸದ ಆಲ್ಬಮ್ಮನ್ನು ಇಷ್ಟು ವರ್ಷ ಯಾಕೆ ತಲೆಯ ಮೇಲೆ ಹೊತ್ತು ತಿರುಗಿದರು? ಈ ಜಗಳ ಯಾತಕ್ಕೆಂದು ತಿಳಿದರೆ ಈ ಸಂಗೀತವನ್ನು ಕೇಳುವ ಬಗೆ ಅರ್ಧ ತಿಳಿದಂತೆ. ಹತ್ತು ತಂಡಗಳ ಹೆಸರು ಹೇಳಿ ತಲೆ ಕೆಡಿಸುವ ಬದಲು ಒಂದನ್ನೇ ಹಿಡಿದು ನೋಡೋಣ. ಅದು ಸ್ಕಾಟ್ಲೆಂಡಿನ 'ದಿ ಜೀಸಸ್ ಅಂಡ್ ಮೇರಿ ಚೈನ್'.

ಯಾರಿವರು?

ಗ್ಲಾಸ್ಗೋ ನಗರದ ಪಕ್ಕದ ಈಸ್ಟ್ ಕಿಲ್‌ಬ್ರೈಡ್ ಎರಡನೇ ಮಹಾಯುದ್ಧದ ನಂತರ ಬೆಳೆಸಿದ ಹೊಸ ಊರು. ವಿಲಿಯಂ ರೀಡ್ ಮತ್ತು ಜಿಮ್ ರೀಡ್ ಎಂಬ ಅಣ್ಣತಮ್ಮಂದಿರು ಬೆಳೆದದ್ದು ಅಲ್ಲಿ. ಕಾರ್ಖಾನೆಯ ಕೆಲಸ ಕಳೆದುಕೊಂಡ ಅಪ್ಪ ಪರಿಹಾರದ ಹಣದಲ್ಲಿ 300 ಪೌಂಡ್ ತೆಗೆದು ಮಕ್ಕಳ ಕೈಗಿಟ್ಟರು. ಮಕ್ಕಳು ಅದರಲ್ಲಿ ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬಲ್ಲ ಪೋರ್ಟಾಸ್ಟುಡಿಯೊ ಕೊಂಡರು. ಅವರಿಗೆ ಇಷ್ಟವಾಗಿದ್ದ ಸಂಗೀತ ಒಂದಕ್ಕೊಂದು ಸಂಬಂಧವೇ ಇಲ್ಲದ್ದು. 1960ರ ದಶಕದ ಅಮೆರಿಕದ ಹುಡುಗಿಯರ ತಂಡ ಶಾಂಗ್ರಿ-ಲಾಸ್‌ನ ಅಳುಮುಂಜಿ ಪ್ರೇಮಗೀತೆಗಳೂ ಬೇಕು, ಕಬ್ಬಿಣದ ತಗಡು ಬಡಿದು ಡ್ರಿಲ್ ಯಂತ್ರ ಓಡಿಸಿ ಸಂಗೀತ ಮಾಡುತ್ತಿದ್ದ ಬರ್ಲಿನ್ನಿನ ಐನ್‌ಸ್ಟುರ್ಜೆಂಡೆ ನೊಯ್‌ಬೌಟೆನ್ ತಂಡವೂ ಬೇಕು. ಎರಡನ್ನೂ ಒಂದೇ ಹಾಡಿನಲ್ಲಿ ಕೂರಿಸಿದರೆ ಹೇಗಿರುತ್ತದೆ ಎಂಬುದೇ ಅವರ ಪ್ರಯೋಗ.

1984ರ ಕೊನೆಯಲ್ಲಿ ಕ್ರಿಯೇಷನ್ ಕಂಪನಿಯಿಂದ 'ಅಪ್‌ಸೈಡ್ ಡೌನ್' ಎಂಬ ಮೊದಲ ಹಾಡು ಬಂತು. ಮರುವರ್ಷ ನವೆಂಬರಿನಲ್ಲಿ ಮೊದಲ ಆಲ್ಬಂ 'ಸೈಕೋಕ್ಯಾಂಡಿ': 14 ಹಾಡು, ಎಲ್ಲ ಸೇರಿ ಸುಮಾರು 39 ನಿಮಿಷ. ಹಿಟ್ಟಿನ ಗಿರಣಿ ಪಕ್ಕ ನಿಂತು ಯಾರೋ ಜೋಗುಳ ಹಾಡಿದ ಹಾಗಿದೆ ಅದು. ಈ ಆಲ್ಬಮ್ಮಿನ ಪೂರ್ತಿ ವೈಖರಿ ಇಷ್ಟೇ, ಮುಂದಿನ ಜಗಳಗಳಿಗೆಲ್ಲ ಮೂಲವೂ ಇದೇ.

ಮೊದಲ ಪಾಠ: ಹಳೆಯದನ್ನು ಮೊದಲು ಕೇಳಿ

ನೇರವಾಗಿ 'ಸೈಕೋಕ್ಯಾಂಡಿ'ಗೆ ಕಿವಿ ಕೊಡಬೇಡಿ. ಮೊದಲು ರೊನೆಟ್ಸ್ ತಂಡದ 'ಬಿ ಮೈ ಬೇಬಿ' ಕೇಳಿ. 1963ರ ಹಾಡು, ಫಿಲ್ ಸ್ಪೆಕ್ಟರ್ ನಿರ್ಮಾಣ. ಶುರುವಿನಲ್ಲಿ ಡ್ರಮ್ ಒಂದೇ ನುಡಿಯುತ್ತದೆ: ದಂ... ದದಂ... ಚಟ್! ಹಾಲ್ ಬ್ಲೇನ್ ಬಾರಿಸಿದ ಈ ಪೆಟ್ಟು ರಾಕ್ ಸಂಗೀತದಲ್ಲಿ ಅತಿ ಹೆಚ್ಚು ಸಾಲ ಪಡೆದ ಪೆಟ್ಟುಗಳಲ್ಲಿ ಒಂದು. ಈಗ 'ಸೈಕೋಕ್ಯಾಂಡಿ'ಯ ಮೊದಲ ಹಾಡು 'ಜಸ್ಟ್ ಲೈಕ್ ಹನಿ' ಹಾಕಿ. ಅದೇ ಪೆಟ್ಟು, ತುಸು ನಿಧಾನವಾಗಿ, ಖಾಲಿ ಕಲ್ಯಾಣಮಂಟಪದಲ್ಲಿ ಬಾರಿಸಿದಷ್ಟು ಮಾರ್ದನಿಯೊಡನೆ. ಸಾಲವನ್ನು ಅವರು ಮುಚ್ಚಿಡಲಿಲ್ಲ. ಆಲ್ಬಮ್ಮಿನ ಹೊಸ್ತಿಲಲ್ಲೇ ಇಟ್ಟರು.

ಪಡೆದ ಸಾಲ ಅಷ್ಟೇ ಆಗಿರಲಿಲ್ಲ. ಸ್ಪೆಕ್ಟರ್ ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ಹಲವು ಗಿಟಾರು, ಹಲವು ಪಿಯಾನೊಗಳಿಂದ ಒಂದೇ ನುಡಿಕೆಯನ್ನು ಒಟ್ಟಿಗೆ ನುಡಿಸಿ, ಅದನ್ನು ಮಾರ್ದನಿ ಕೊಡುವ ಕೋಣೆಗೆ ಹಾಯಿಸಿ, ಯಾವ ವಾದ್ಯ ಯಾವುದೆಂದು ಗುರುತು ಸಿಗದಷ್ಟು ದಟ್ಟವಾದ ನಾದ ಕಟ್ಟುತ್ತಿದ್ದರು. ಅದಕ್ಕೆ 'ವಾಲ್ ಆಫ್ ಸೌಂಡ್' ಎಂದೇ ಹೆಸರು ಬಂತು. ರೀಡ್ ಸೋದರರ ಹತ್ತಿರ ಅಷ್ಟು ವಾದ್ಯಗಾರರೂ ಇಲ್ಲ, ಅಷ್ಟು ದುಡ್ಡೂ ಇಲ್ಲ. ಒಂದು ಗಿಟಾರನ್ನು ಕಿರುಚಿಸಿ ಅದೇ ಗೋಡೆ ಎಬ್ಬಿಸಿದರು. ಗದ್ದಲ ಇಲ್ಲಿ ಬಡವರ ಆರ್ಕೆಸ್ಟ್ರಾ. ಹೀಗೆಂದುಕೊಂಡು ಕೇಳಿದರೆ ಕಿವಿಗೆ ಅರ್ಧ ನೋವು ಕಡಿಮೆ.

ಎರಡನೇ ಪಾಠ: ಸದ್ದು ಹುಟ್ಟುವ ಬಗೆ ತಿಳಿಯಿರಿ

ಮದುವೆ ಮನೆಯಲ್ಲೋ ಗಣೇಶೋತ್ಸವದ ಪೆಂಡಾಲಿನಲ್ಲೋ ಮೈಕು ಹಿಡಿದವರು ಸ್ಪೀಕರಿನ ಮುಂದೆ ಬಂದು ನಿಂತೊಡನೆ 'ಕುಂಯ್' ಎಂದು ಕಿವಿ ಸೀಳುವ ಸದ್ದು ಬರುತ್ತದಲ್ಲ, ಫೀಡ್‌ಬ್ಯಾಕ್ ಎಂದರೆ ಅದೇ. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋಗುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ, ಅದು ಮತ್ತೆ ಮೈಕಿಗೆ. ಸುತ್ತು ನಿಲ್ಲುವುದೇ ಇಲ್ಲ. ಗಿಟಾರಿನಲ್ಲಿ ಸ್ಪೀಕರಿನ ದನಿ ತಂತಿಯನ್ನೇ ನಡುಗಿಸುತ್ತದೆ, ತಂತಿಯ ಕೆಳಗಿನ ಪಿಕಪ್ ಆ ನಡುಕವನ್ನು ಹಿಡಿದು ಮತ್ತೆ ಒಳಗೆ ಕಳಿಸುತ್ತದೆ. ವಾದಕ ಒಂದು ಹೆಜ್ಜೆ ಹಿಂದೆ ಸರಿದರೆ, ಗಿಟಾರನ್ನು ಕೊಂಚ ತಿರುಗಿಸಿದರೆ ಕಿರುಚಿನ ಸ್ಥಾಯಿ ಬದಲಾಗುತ್ತದೆ. ಅಂದರೆ ಅದನ್ನು ನುಡಿಸಬಹುದು. ನಿಲ್ಲುವ ಜಾಗವೂ ವಾದನದ ಭಾಗ.

ಎರಡನೆಯ ಸಾಧನ ಫಝ್. ವಿಲಿಯಂ ರೀಡ್ ಬಳಸಿದ್ದು ಶಿನ್-ಎಯ್ ಎಂಬ ಜಪಾನಿ ಪೆಡಲ್. ಗಿಟಾರಿನಿಂದ ಬರುವ ಅಲೆಯ ನೆತ್ತಿಯನ್ನು ಅದು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಮೇಲೆ ಇನ್ನಷ್ಟು ಎತ್ತರದ ಸ್ವರಗಳು ಏಳುತ್ತವೆ. ಕೇಳುವವರಿಗೆ ಅದು ಕಾದ ಹೆಂಚಿನ ಮೇಲೆ ನೀರು ಬಿದ್ದಂಥ ಚುರ್ ಸದ್ದು. ಈ ಚುರುಚುರು ಎತ್ತರದ ಸ್ಥಾಯಿಯನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಹಾಡುಗಾರನ ದನಿಗೆ ಕೆಳಗೆ, ನಡುವೆ ಜಾಗ ಉಳಿಯುತ್ತದೆ.

ಮೂರನೇ ಪಾಠ: ಪದರ ಬಿಡಿಸಿ ಕೇಳಿ

'ನೆವರ್ ಅಂಡರ್‌ಸ್ಟ್ಯಾಂಡ್' ಹಾಡನ್ನು ತೆಗೆದುಕೊಳ್ಳಿ. ಮೊದಲ ಸಲ ಕೇಳಿದಾಗ ರೆಕಾರ್ಡ್ ಕೆಟ್ಟಿದೆ ಅನಿಸುತ್ತದೆ. ಇರಲಿ, ಮುಂದಿನ ಸಲ ಡ್ರಮ್ ಒಂದಕ್ಕೇ ಗಮನ ಕೊಡಿ. ಬಾಬಿ ಗಿಲ್ಲೆಸ್ಪಿ ನಿಂತುಕೊಂಡು ಬಾರಿಸುತ್ತಿದ್ದದ್ದು ಎರಡೇ ಡ್ರಮ್. ಅಲಂಕಾರವಿಲ್ಲ, ಕಸರತ್ತಿಲ್ಲ. ಆಮೇಲೆ ಬಾಸ್ ಗಿಟಾರ್ ಕೇಳಿ. ಡಗ್ಲಸ್ ಹಾರ್ಟ್ ತಮ್ಮ ಬಾಸಿಗೆ ಕಟ್ಟಿದ್ದದ್ದು ಎರಡೇ ತಂತಿ. ಲಯವನ್ನು ಇಷ್ಟು ಸರಳವಾಗಿ ಇಟ್ಟಿದ್ದಕ್ಕೇ ಮೇಲಿನ ಗದ್ದಲ ಎಷ್ಟು ಕುಣಿದಾಡಿದರೂ ಹಾಡು ಕೈತಪ್ಪುವುದಿಲ್ಲ.

ಮೂರನೆಯದು ದನಿ. ಇಲ್ಲಿ ಹೊಸಬರು ಬೆಚ್ಚುತ್ತಾರೆ. ಇಷ್ಟು ಗದ್ದಲದ ನಡುವೆ ಜಿಮ್ ರೀಡ್ ಕೂಗುವುದೇ ಇಲ್ಲ. ಸುಸ್ತಾದ ಹುಡುಗನೊಬ್ಬ ತನ್ನಷ್ಟಕ್ಕೆ ಗುನುಗಿದಂತೆ ಹಾಡುತ್ತಾರೆ. ಮಟ್ಟು ಎಷ್ಟು ಸುಲಭವೆಂದರೆ ಎರಡನೇ ಸಲಕ್ಕೆ ನೀವೂ ಗುನುಗಬಹುದು. ಮಟ್ಟು ಮನಸ್ಸಿಗೆ ಹತ್ತಿದ ಮೇಲೆ, ಕೊನೆಗೆ, ಗದ್ದಲಕ್ಕೆ ಕಿವಿ ಕೊಡಿ. ಅದು ಎಲ್ಲಿ ಏರುತ್ತದೆ, ಎಲ್ಲಿ ಹಾಡಿಗೆ ಜಾಗ ಬಿಡುತ್ತದೆ, ಎಲ್ಲಿ ಹಾಡುಗಾರ ಹೇಳದೆ ಬಿಟ್ಟ ಸಿಟ್ಟನ್ನು ತಾನು ಹೇಳುತ್ತದೆ ಎಂದು ನೋಡಿ. ದನಿ ತಣ್ಣಗಿದೆ, ಗಿಟಾರು ಉರಿಯುತ್ತಿದೆ. ರಸ ಇರುವುದು ಈ ಎರಡರ ನಡುವೆ.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಿದವರಿಗೆ ಇಲ್ಲೊಂದು ಎಚ್ಚರಿಕೆ. ಹೆವಿ ಮೆಟಲ್‌ನಲ್ಲೂ ಸದ್ದು ಜೋರೇ, ಆದರೆ ಅಲ್ಲಿ ಬೆರಳಿನ ಚುರುಕು, ತಾಳದ ಬಿಗಿ ಮುಖ್ಯ. ಆ ಅಳತೆಗೋಲು ಹಿಡಿದು ಬಂದರೆ 'ಇವರಿಗೆ ನುಡಿಸಲು ಬರುವುದಿಲ್ಲ' ಎಂದು ಎದ್ದು ಹೋಗುತ್ತೀರಿ. ಇಲ್ಲಿ ತೂಗಬೇಕಾದದ್ದು ಕೈಚಳಕವಲ್ಲ, ಸದ್ದಿನ ಬಣ್ಣ.

ನಮ್ಮ ಕಡೆಯ ಒಂದು ಎಳೆ

ರೀಡ್ ಸೋದರರ ಮೇಲೆ ದಟ್ಟ ಪ್ರಭಾವ ಬೀರಿದ ತಂಡ ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್. ಅದರಲ್ಲಿ ವಯೋಲಾ ನುಡಿಸುತ್ತಿದ್ದ ಜಾನ್ ಕೇಲ್ ಒಂದೇ ಸ್ವರವನ್ನು ಎಳೆದು ಹಿಡಿದು ಹಾಡಿಗೆ ಹಾಸಾಗಿ ಬಿಡುತ್ತಿದ್ದರು. ಕೇಲ್ ಆ ತಂಡಕ್ಕೂ ಮೊದಲು ಲಾ ಮಾಂಟ್ ಯಂಗ್ ಎಂಬ ಸಂಗೀತಗಾರರ ಜೊತೆ ಇಂಥ ನಿಂತ ನಾದದ ಪ್ರಯೋಗಗಳಲ್ಲಿ ಪಳಗಿದ್ದರು. ಇದೇ ಯಂಗ್ 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಕುಂದಗೋಳದ ಸವಾಯಿ ಗಂಧರ್ವರದೂ, ಗಂಗೂಬಾಯಿ ಹಾನಗಲ್ಲರದೂ ಅದೇ ಘರಾಣೆ. ಎಳೆ ಬಹಳ ದೂರದ್ದು, ಅದರಿಂದ ಗಿಟಾರಿನ ಕಿರುಚಾಟ ಶಾಸ್ತ್ರೀಯವಾಗುವುದಿಲ್ಲ. ಆದರೆ ತಂಬೂರಿಯ ಶ್ರುತಿ ಕೇಳಿ ಬೆಳೆದ ಕಿವಿಗೆ ಹಾಡಿನ ಉದ್ದಕ್ಕೂ ನಿಲ್ಲದೆ ಹರಿಯುವ ಇನ್ನೊಂದು ನಾದ ತೀರ ಪರಕೀಯವೇನಲ್ಲ. 'ಅಪ್‌ಸೈಡ್ ಡೌನ್' ಹಾಡಿನ ಆದಿಯಿಂದ ಅಂತ್ಯದವರೆಗೂ ಕೂಗುವ ಫೀಡ್‌ಬ್ಯಾಕನ್ನು ಹಾಗೆ ಕೇಳಿ ನೋಡಿ.

ನಾಲ್ಕನೇ ಪಾಠ: ಅಭಿಮಾನಿಗಳ ಜಗಳಕ್ಕೆ ಕಿವಿ ಕೊಡಿ

1985ರ ಇವರ ಕಛೇರಿಗಳು 20 ನಿಮಿಷಕ್ಕೆ ಮುಗಿದುಹೋಗುತ್ತಿದ್ದವು, ಅದೂ ಸಭಿಕರಿಗೆ ಬೆನ್ನು ತೋರಿಸಿಕೊಂಡು. ಆ ಮಾರ್ಚಿನಲ್ಲಿ ನಾರ್ತ್ ಲಂಡನ್ ಪಾಲಿಟೆಕ್ನಿಕ್‌ನಲ್ಲಿ ಜನ ರೊಚ್ಚಿಗೆದ್ದು ವೇದಿಕೆಯ ಸಾಮಾನು ಒಡೆದರು. ಹೀಗೆ ಗಲಾಟೆಗೆಂದೇ ಬರುವ ಒಂದು ಗುಂಪು ತಂಡದ ಬೆನ್ನಿಗೆ ಬಿತ್ತು.

ಆಮೇಲೆ ಬಂತು 1987ರ ಎರಡನೇ ಆಲ್ಬಂ 'ಡಾರ್ಕ್‌ಲ್ಯಾಂಡ್ಸ್'. ಫೀಡ್‌ಬ್ಯಾಕ್ ಹೆಚ್ಚುಕಡಿಮೆ ಮಾಯ. ಗಿಲ್ಲೆಸ್ಪಿ ತಮ್ಮ ಪ್ರೈಮಲ್ ಸ್ಕ್ರೀಮ್ ತಂಡಕ್ಕೆ ಹೋಗಿದ್ದರಿಂದ ಡ್ರಮ್ ಜಾಗದಲ್ಲಿ ಯಂತ್ರ. ಬ್ರಿಟನ್ನಿನ ಪಟ್ಟಿಯಲ್ಲಿ 'ಸೈಕೋಕ್ಯಾಂಡಿ' 31ನೇ ಸ್ಥಾನಕ್ಕೆ ನಿಂತಿದ್ದರೆ ಇದು 5ಕ್ಕೆ ಏರಿತು. ಗಲಾಟೆ ಬಯಸಿದವರಿಗೆ ಇದು ದ್ರೋಹ. ಮಟ್ಟು ಹಿಡಿದವರಿಗೆ ಹಬ್ಬ. ಯಾರ ಪಕ್ಷ ಸರಿ ಎಂದು ಕೇಳುವ ಮೊದಲು ಈ ಜಗಳ ನಮಗೇನು ಕಲಿಸಿತು ನೋಡಿ: ಗದ್ದಲ ತೆಗೆದರೂ ಹಾಡು ಕುಸಿಯಲಿಲ್ಲ. ಅಂದರೆ 'ಸೈಕೋಕ್ಯಾಂಡಿ'ಯ ಗದ್ದಲ ಕೆಟ್ಟ ಹಾಡಿಗೆ ಹೊದಿಸಿದ ಕಂಬಳಿಯಾಗಿರಲಿಲ್ಲ.

ಇಂಥ ತಂಡದ ಹೊಸ ಆಲ್ಬಂ ಬಂದಾಗ ಕೇಳಿಬರುವ ಮಾತುಗಳನ್ನು ಹೀಗೆ ಪರೀಕ್ಷಿಸಿ:

'ಮೊದಲಿನ ಹಾಗಿಲ್ಲ' ಎಂದರೆ, ಏನಿಲ್ಲ ಎಂದು ಕೇಳಿ. ಫಝ್ ಇಲ್ಲವೇ, ಡ್ರಮ್ ಬಾರಿಸುವವರು ಬದಲಾದರೇ, ವೇಗ ಇಳಿಯಿತೇ? ಉತ್ತರ ಕೊಡಬಲ್ಲವರು ನಿಜವಾಗಿ ಕೇಳಿದವರು.

'ಬರೀ ಹಳೆಯದರ ನಕಲು' ಎಂದರೆ, ಹಳೆಯದನ್ನು ತಂದು ಏನು ಮಾಡಿದರು ಎಂದು ನೋಡಿ. ರೊನೆಟ್ಸ್ ಪೆಟ್ಟಿನ ಮೇಲೆ ಕಿರುಚುವ ಗಿಟಾರು ಕೂರಿಸಿದರೆ ಅದು ಹೊಸ ಬಳಕೆ. ಹಳೆಯ ಕಾಲದ ಅಂಗಿ ಹಾಕಿಕೊಂಡು ಹಳೆಯ ಹಾಗೆಯೇ ನುಡಿಸಿದರೆ ಅದು ಬರೀ ವೇಷ.

'ದುಡ್ಡಿಗೆ ಬಿದ್ದರು' ಎಂಬುದು ಸಂಗೀತದ ಮಾತಲ್ಲ, ಪಕ್ಕಕ್ಕಿಡಿ.

'ಅದೇ ರಾಗ, ಅದೇ ಹಾಡು' ಎಂಬ ದೂರಿಗೆ ತಂಡವೂ ಅಂಜುತ್ತದೆ. 1992ರ ಆಲ್ಬಮ್ಮಿಗೆ ಇವರು ಇಟ್ಟ ಹೆಸರು 'ಹನೀಸ್ ಡೆಡ್'. ತಮ್ಮನ್ನು ಬಿಡದೆ ಕಾಡುತ್ತಿದ್ದ 'ಜಸ್ಟ್ ಲೈಕ್ ಹನಿ'ಗೆ ತರ್ಪಣ ಬಿಟ್ಟಂತಿದೆ. ಆದರೂ ಹಾಡು ಸಾಯಲಿಲ್ಲ. 2003ರ 'ಲಾಸ್ಟ್ ಇನ್ ಟ್ರಾನ್ಸ್‌ಲೇಷನ್' ಚಿತ್ರದ ಕೊನೆಯಲ್ಲಿ ಅದು ನುಡಿದು ಹೊಸ ತಲೆಮಾರಿಗೆ ತಲುಪಿತು. 2014ರಲ್ಲಿ ತಂಡವೇ 'ಸೈಕೋಕ್ಯಾಂಡಿ'ಯನ್ನು ಮೊದಲಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿತು.

2024ರ ಮಾರ್ಚಿನಲ್ಲಿ ಬಂದ 'ಗ್ಲಾಸ್ಗೋ ಐಸ್' ಈ ಪರೀಕ್ಷೆಗೆ ಒಳ್ಳೆಯ ಸರಕು. ಅಣ್ಣತಮ್ಮಂದಿರಿಗೆ ಆಗಲೇ 60 ದಾಟಿತ್ತು. ಇದರಲ್ಲಿ ಗಿಟಾರಿನ ಜೊತೆ ಸಿಂಥಸೈಜರ್ ಮುಂದೆ ಬಂದು ಕೂತಿದೆ. ಒಂದು ಹಾಡಿನ ಹೆಸರಿನಲ್ಲಿ ಈಗಲ್ಸ್, ಬೀಟಲ್ಸ್ ಇದ್ದಾರೆ. ಇನ್ನೊಂದರಲ್ಲಿ ವೆಲ್ವೆಟ್ ಅಂಡರ್‌ಗ್ರೌಂಡಿನ ಲೂ ರೀಡ್ ಹೆಸರಿಗೆ ತಮ್ಮ ಮನೆತನದ ಹೆಸರನ್ನೇ ಗಂಟು ಹಾಕಿದ್ದಾರೆ. ತಂಡದ ಮೊದಲ ಆಲ್ಬಮ್ಮಿನ ಗದ್ದಲ ಹುಡುಕಿಕೊಂಡು ಹೋದವರಿಗೆ ಸಿಂಥಸೈಜರ್ ತಡೆಗೋಡೆ. ತಣ್ಣನೆಯ ದನಿ, ಅದರ ಬೆನ್ನಿಗೆ ಒರಟು ಸದ್ದು ಎಂಬ ಸೂತ್ರ ತಿಳಿದವರಿಗೆ ವಾದ್ಯ ಬದಲಾಗಿದೆ, ಸೂತ್ರ ಬದಲಾಗಿಲ್ಲ.

ಕಿವಿಯ ಕಾಳಜಿ

ಜೋರಾಗಿ ಕೇಳಬೇಕಾದ ಸಂಗೀತವೆಂದು ಕಿವಿಗೆ ಕುತ್ತು ತಂದುಕೊಳ್ಳಬೇಡಿ. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಇಯರ್‌ಫೋನಿಗಿಂತ ಕೋಣೆಯಲ್ಲಿ ಸ್ಪೀಕರ್ ಇಟ್ಟು ಕೇಳುವುದು ಮೇಲು. ಕಛೇರಿಗೆ ಹೋಗುವುದಾದರೆ ಇಯರ್‌ಪ್ಲಗ್ ಜೇಬಿನಲ್ಲಿರಲಿ. ಇಡೀ ಆಲ್ಬಂ ಒಂದೇ ಉಸಿರಿಗೆ ಕೇಳಬೇಕೆಂಬ ಹಟವೂ ಬೇಡ. ದಿನಕ್ಕೆ ನಾಲ್ಕು ಹಾಡು ಸಾಕು.

ಒಳ್ಳೆಯ ನಾಯ್ಸ್ ರಾಕ್ ಆಲ್ಬಮ್ಮಿಗೆ ಎರಡು ಪರೀಕ್ಷೆ. ಗದ್ದಲ ತೆಗೆದರೆ ಹಾಡು ನಿಲ್ಲಬೇಕು. ಹಾಡನ್ನು ಬರಿಗಂಟಲಲ್ಲಿ ಗುನುಗಿದಾಗ ಗದ್ದಲ ಇಲ್ಲವಲ್ಲ ಎಂಬ ಕೊರತೆ ಕಾಡಬೇಕು. 'ಡಾರ್ಕ್‌ಲ್ಯಾಂಡ್ಸ್' ಮೊದಲನೆಯದರಲ್ಲಿ ಪಾಸು, 'ಸೈಕೋಕ್ಯಾಂಡಿ' ಎರಡರಲ್ಲೂ. ನನ್ನ ತೀರ್ಪು ಇದು, ನಿಮ್ಮದು ಬೇರೆ ಇರಬಹುದು. ಎರಡೂ ಆಲ್ಬಮ್ಮುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೇಳಿ, ಆಮೇಲೆ ಯಾವ ಪಂಗಡಕ್ಕೆ ಬೇಕಾದರೂ ಸೇರಿಕೊಳ್ಳಿ. ಕೇಳದೆ ಮಾತ್ರ ಸೇರಬೇಡಿ.