ಗುರಾಣಿಯ ಒಳಗೆ, ಗುರಾಣಿಯ ಹೊರಗೆ: ಅಮೆರಿಕದ ಎರಡು ಲಾಂಛನಗಳು

ಶಾಸನಗಳನ್ನು ಓದುವವರಿಗೆ ಲಾಂಛನವೆಂಬ ಮಾತು ಹೊಸದಲ್ಲ. ಚಾಲುಕ್ಯರ ವರಾಹ, ಕದಂಬರ ಸಿಂಹ ಇವು ಅರಸುಮನೆತನಗಳು ತಮ್ಮ ಕುರಿತು ತಾವೇ ಸಾರಿಕೊಂಡ ಚಿಹ್ನೆಗಳು. ಅಮೆರಿಕ ಖಂಡಗಳಲ್ಲಿ ಗೆದ್ದವರು ಸೋತ ನೆಲಕ್ಕೆ ಕೊಟ್ಟ ಲಾಂಛನಗಳೂ ಉಂಟು. ಅವು ಮುಂದೆ ಸ್ವತಂತ್ರ ರಾಷ್ಟ್ರದ ಪಾಲಿಗೆ ಬಂದಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

1655ರಲ್ಲಿ ಸ್ಪೇನಿನಿಂದ ಜಮೈಕಾವನ್ನು ಕಸಿದುಕೊಂಡ ಇಂಗ್ಲೆಂಡ್ 1661ರಲ್ಲಿ ಆ ದ್ವೀಪಕ್ಕೆ ಲಾಂಛನವನ್ನು ದಯಪಾಲಿಸಿತು. ಗುರಾಣಿಯಲ್ಲಿ ಸಂತ ಜಾರ್ಜನ ಕೆಂಪು ಶಿಲುಬೆ. ಅದರ ಮೇಲೆ ಹೊಂಬಣ್ಣದ ಐದು ಅನಾನಸುಗಳು. ಇಕ್ಕೆಲಗಳಲ್ಲಿ ಹಣ್ಣಿನ ಬುಟ್ಟಿ ಹಿಡಿದ ಟೈನೊ ಸ್ತ್ರೀ, ಬಿಲ್ಲು ಹಿಡಿದ ಟೈನೊ ಪುರುಷ. ಇದನ್ನು ಮೂಲನಿವಾಸಿಗಳಿಗೆ ಸಂದ ಗೌರವವೆಂದು ಅರ್ಥೈಸುವುದು ನಮಗೆ ಒಪ್ಪತಕ್ಕದ್ದಾಗಿ ತೋರುವುದಿಲ್ಲ. ಸ್ಪೇನಿನ ಆಳ್ವಿಕೆಯಲ್ಲಿ ಬಿಟ್ಟಿದುಡಿಮೆ, ರೋಗಗಳಿಂದ ಟೈನೊ ಸಮುದಾಯ ಅದಾಗಲೇ ವಿನಾಶದ ಅಂಚಿಗೆ ಸರಿದಿತ್ತು. ಅವರ ನೆಲದ ಹಣ್ಣು ಶಿಲುಬೆಯನ್ನೇರಿತು. ಅವರು ಗುರಾಣಿಯ ಹೊರಗೆ ಅದನ್ನು ಕಾಯುವವರಾಗಿ ನಿಂತರು. ಕಬ್ಬಿನ ತೋಟಗಳ ದುಡಿಮೆಗೆಂದು ಹಿಡಿದು ತಂದ ಆಫ್ರಿಕನ್ನರ ಸಂತತಿಯೇ ಇಂದಿನ ಜನತೆಯ ಬಹುಪಾಲಾದರೂ ಅವರಿಗೆ ಇಲ್ಲಿ ಎಡೆಯೇ ಇಲ್ಲ.

ಲಾಂಛನದ ಮೊದಲ ಲ್ಯಾಟಿನ್ ಧ್ಯೇಯವಾಕ್ಯವನ್ನು, ಪೂರ್ವ ಪಶ್ಚಿಮಗಳ 'ಇಂಡಿಯನ್ನರು' ಇಬ್ಬರೂ ಒಬ್ಬನಿಗೇ ಊಳಿಗ ಮಾಡುವರೆಂದು ಓದಬಹುದು. ಇದು ಬರಿಯ ಬಡಾಯಿಯಾಗಿರಲಿಲ್ಲ. ಅದೇ 1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗಲ್ ಮುಂಬಯಿಯನ್ನು ಎರಡನೆಯ ಚಾರ್ಲ್ಸ್ ದೊರೆಗೆ ಬಳುವಳಿಯಾಗಿ ಬಿಟ್ಟುಕೊಟ್ಟಿತು. 1962ರಲ್ಲಿ ಸ್ವತಂತ್ರವಾದ ಜಮೈಕಾ ಆ ವಾಕ್ಯವನ್ನು ತೆಗೆದು, ಹಲವರಿಂದ ಒಂದು ಜನತೆ ಎಂಬ ಆಶಯವನ್ನು ಅಲ್ಲಿರಿಸಿತು. ಆದರೆ ವಾಕ್ಯ ಬದಲಾದರೂ ನಿಂತವರ ಸ್ಥಾನ ಬದಲಾಗಲಿಲ್ಲ.

ಮೆಕ್ಸಿಕೊದ ಚರಿತ್ರೆ ಇದಕ್ಕೆ ಭಿನ್ನವಾದುದು. ಪಾಪಾಸುಕಳ್ಳಿಯ ಮೇಲೆ ಹದ್ದು ಕುಳಿತ ಎಡೆಯಲ್ಲಿ ಟೆನೊಚ್‌ಟಿಟ್ಲಾನ್ ನಗರ ನೆಲೆಗೊಂಡಿತೆಂಬುದು ಅಲ್ಲಿನ ಐತಿಹ್ಯ. ಆ ನಗರವನ್ನು ಗೆದ್ದ ಸ್ಪೇನ್ 1523ರಲ್ಲಿ ಅದಕ್ಕಿತ್ತ ಲಾಂಛನದ ನಡುವೆ ಕೋಟೆ ಮತ್ತು ಸಿಂಹಗಳಿದ್ದವು. ಕಳ್ಳಿಯ ಎಲೆಗಳು ಅಂಚಿಗೆ ಸರಿದವು. 1823ರಲ್ಲಿ ಸ್ವತಂತ್ರ ಮೆಕ್ಸಿಕೊದ ಶಾಸನಸಭೆ ಹಾವನ್ನು ಹಿಡಿದ ಹದ್ದನ್ನೂ ಕಳ್ಳಿಯನ್ನೂ ರಾಷ್ಟ್ರಲಾಂಛನದ ನಡುವೆ ಪ್ರತಿಷ್ಠಾಪಿಸಿತು. ಹಾಗಿದ್ದೂ ಕೆಳಗೆ ಬಳಸಿ ನಿಂತ ಓಕ್ ಮತ್ತು ಲಾರೆಲ್ ಕೊಂಬೆಗಳು ಯುರೋಪಿನ ಸಂಪ್ರದಾಯದಿಂದಲೇ ಬಂದವು.

ವಸಾಹತುಶಾಹಿಯ ಶೇಷ ಚಿತ್ರಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅವುಗಳ ವಿನ್ಯಾಸದಲ್ಲಿ ಉಳಿದಿರುತ್ತದೆಂಬುದು ಇದರಿಂದ ವಿದಿತವಾಗುತ್ತದೆ. ಮೂಲನಿವಾಸಿಯ ಆಕೃತಿ ಲಾಂಛನದಲ್ಲಿದೆಯೇ ಎಂದು ಕೇಳಿದರೆ ಸಾಲದು. ಅದು ಗುರಾಣಿಯ ಒಳಗಿದೆಯೋ ಹೊರಗಿದೆಯೋ ಎಂದು ಕೇಳಬೇಕಾಗಿದೆ.