ಗಂಡನಿಗೆ ಬರೆದ ಪತ್ರ

ನಮ್ಮ ರಬಕವಿ-ಬನಹಟ್ಟಿಯ ಕೈಮಗ್ಗದ ಮನೆಗಳಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತು. ಗಂಡ ಮಗ್ಗದಲ್ಲಿ ಕೂತರೂ ಹೆಂಡತಿ ಕಂಡಿಕೆ ಸುತ್ತಿ ಕೊಡದಿದ್ದರೆ ಲಾಳಿ ಓಡುವುದಿಲ್ಲ. ಆದರೂ ಸೀರೆ ನೇಯ್ದವರು ಯಾರೆಂದು ಕೇಳಿದರೆ ಗಂಡನ ಹೆಸರೇ ಬರುತ್ತದೆ. ಮನೆಯ ಯಜಮಾನನ ಬಗ್ಗೆ ಧರ್ಮಗಳು ಹೇಳಿದ್ದನ್ನು ಓದುವಾಗ ನಮಗೆ ಈ ಕಂಡಿಕೆಯ ನೆನಪಾಗುತ್ತದೆ.

ದೈವಭಕ್ತ ಗಂಡ ಹೇಗಿರಬೇಕೆಂಬ ಕ್ರೈಸ್ತ ಬೋಧನೆಗೆ ಮುಖ್ಯ ಆಧಾರ, ಪೌಲನ ಹೆಸರಿನಲ್ಲಿರುವ ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಅದು ಹೇಳುವುದು ನಿಜ. ಆದರೆ ಆಕೆಗೆ ಮೂರು ವಚನಗಳಿದ್ದರೆ ಗಂಡನಿಗೆ ಅದರ ಇಮ್ಮಡಿಗೂ ಮಿಕ್ಕಿವೆ. ಕ್ರಿಸ್ತನು ತನ್ನ ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಗಂಡ ಹೆಂಡತಿಯನ್ನು ಪ್ರೀತಿಸಬೇಕೆಂಬುದು ಅವುಗಳ ತಾತ್ಪರ್ಯ. ಮುಂದಿನ ಅಧ್ಯಾಯ, ಮಕ್ಕಳ ಮನಸ್ಸು ಕೆರಳಿಸದಂತೆ ತಂದೆಯರನ್ನು ಎಚ್ಚರಿಸುತ್ತದೆ. ರೋಮನ್ ಕಾನೂನು ತಂದೆಗೆ ಮಕ್ಕಳ ಮೇಲೆ ಸಾವು-ಬದುಕಿನ ಅಧಿಕಾರ ಕೊಟ್ಟಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಮ್ಮ ಜಿಲ್ಲೆಯದೇ ನೇಕಾರರ ಊರಾದ ಗುಳೇದಗುಡ್ಡಕ್ಕೆ ಈ ಬೋಧನೆಯನ್ನು ತಂದರು. ಶಾಲೆ, ಅಚ್ಚುಕೂಟ, ಕಿಟೆಲ್ ನಿಘಂಟು ಎಂದು ಕನ್ನಡದ ಮೇಲೆ ಅವರ ಋಣ ದೊಡ್ಡದು. ಆದರೆ ಅವರ ಸ್ವಂತ ಮನೆಗಳ ಕತೆ ಬೇರೆ. ಮದುವೆಗೆ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ಕಾಣದ ವರನನ್ನು ವರಿಸಲು ಹಡಗು ಹತ್ತಿ ಬಂದರು. ಹುಟ್ಟಿದ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಯೂರೋಪಿಗೆ ಕಳಿಸುತ್ತಿದ್ದರು. ಅವರಿಗಾಗಿ 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆಯೇ ಶುರುವಾಯಿತು.

ಮಲಯಾಳಂ ನಿಘಂಟು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳೆಯ ವಯಸ್ಸಿನಲ್ಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆ-ತಾಯಿ ಹಿಂದಿರುಗಿದರು. ಅವಳು ಮತ್ತೆ ಹಿಂದುಸ್ತಾನ ಕಂಡದ್ದು 1857ರಲ್ಲಿ. ದೇವರ ಕೆಲಸಕ್ಕಾಗಿ ತ್ಯಾಗ ಮಾಡಿದವನು ತಂದೆ, ಅದರ ಬೆಲೆ ತೆತ್ತವಳು ಮಗಳು. ಅವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. 1892ರಲ್ಲಿ ಅವನೂ ತಂದೆ-ತಾಯಿ ಸೇರಿಸಿದ್ದ ಮೌಲ್‌ಬ್ರಾನ್ನಿನ ಧಾರ್ಮಿಕ ಶಾಲೆಯಿಂದ ಓಡಿಹೋದ. 1922ರ ಅವನ ‘ಸಿದ್ಧಾರ್ಥ’ದಲ್ಲಿ ತಂದೆಯನ್ನು ಬಿಟ್ಟು ಹೋದವನನ್ನು ಮುಂದೆ ಅವನ ಮಗನೇ ಬಿಟ್ಟು ಹೋಗುತ್ತಾನೆ. ಆ ಪುಟಗಳನ್ನು ನಾವು ಈ ಮನೆತನದ ಕತೆಯಿಂದ ಬೇರ್ಪಡಿಸಿ ಓದಲಾರೆವು.

ಇವರು ಕ್ರೂರಿಗಳಾಗಿರಲಿಲ್ಲ. ಮಕ್ಕಳ ಆರೋಗ್ಯ, ಓದು ಎಂಬ ಕಾರಣಗಳೂ ಇದ್ದವು. ತೊಡಕು ಬೋಧನೆಯಲ್ಲಿಯೇ ಇದೆ ಎಂದು ನಮಗೆ ಅನ್ನಿಸುತ್ತದೆ. ಗಂಡನನ್ನು ಕ್ರಿಸ್ತನ ಸ್ಥಾನದಲ್ಲಿ ಕೂರಿಸಿದ ಮೇಲೆ ಅವನ ತಪ್ಪನ್ನು ಅವನಿಗೆ ಹೇಳುವವರು ಯಾರು? ಎಷ್ಟು ಪ್ರೀತಿ, ಎಂಥ ತ್ಯಾಗ ಎಂಬುದನ್ನೂ ಅವನೇ ತೀರ್ಮಾನಿಸುತ್ತಾನೆ. ಅದೇ ಪತ್ರಿಕೆ ಗುಲಾಮರಿಗೂ ವಿಧೇಯತೆಯನ್ನು ಬೋಧಿಸುತ್ತದೆ. ಕ್ರೈಸ್ತ ಜಗತ್ತು ಗುಲಾಮಗಿರಿಯನ್ನು ಕೈಬಿಟ್ಟಿತು, ಯಜಮಾನಿಕೆಯನ್ನು ಮಾತ್ರ ಹಲವು ಸಭೆಗಳು ಉಳಿಸಿಕೊಂಡವು.

ಇದನ್ನು ಓದಿ ನಮ್ಮವರು ಹಿಗ್ಗಬೇಕಾಗಿಲ್ಲ. ಸೂರಃ ನಿಸಾದ 34ನೆಯ ಆಯತ್ತು ನಮ್ಮ ಗಂಡಸರಿಗೆ ಬಾಯಿಪಾಠ. ದಾಂಪತ್ಯವನ್ನು ಒಲವು ಮತ್ತು ಕರುಣೆ ಎಂದು ಕರೆದ ಸೂರಃ ರೂಮ್‌ನ 21ನೆಯದು ಎಷ್ಟು ಜನರಿಗೆ ನೆನಪಿದೆ? ಪ್ರವಾದಿಯವರು ತಮ್ಮ ಚಪ್ಪಲಿ ತಾವೇ ಹೊಲಿದುಕೊಳ್ಳುತ್ತಿದ್ದರು, ಮನೆಗೆಲಸಕ್ಕೆ ಕೈಗೂಡಿಸುತ್ತಿದ್ದರು ಎಂಬ ಹಜ್ರತ್ ಆಯಿಶಾರ ಮಾತು ನಿಕಾಹ್‌ನ ದಿನ ಎಷ್ಟು ಮದುಮಕ್ಕಳ ಕಿವಿಗೆ ಬೀಳುತ್ತದೆ?

ಎರಡೂ ಕಡೆ ನಡೆದಿರುವುದು ಒಂದೇ. ಗಂಡ ತನಗೆ ಬಂದ ಪತ್ರವನ್ನು ಮಡಿಚಿಟ್ಟು ಹೆಂಡತಿಗೆ ಬಂದದ್ದನ್ನು ಜೋರಾಗಿ ಓದುತ್ತಿದ್ದಾನೆ. ಮೊದಲು ತನ್ನದನ್ನು ಓದಲಿ. ಓದಿದಂತೆ ನಡೆದನೋ ಇಲ್ಲವೋ ಎಂಬುದನ್ನು ಕಂಡಿಕೆ ಸುತ್ತುವವಳು ಹೇಳಲಿ, ಮಕ್ಕಳು ಹೇಳಲಿ.