ಉಪಮೆಯ ಆಮೆ, ಮನೆಯ ಆಮೆ

‘ಜ್ಞಾತಾಧರ್ಮಕಥಾ’ ಎಂಬ ಶ್ವೇತಾಂಬರ ಆಗಮಗ್ರಂಥದ ನಾಲ್ಕನೆಯ ಅಧ್ಯಯನವು ಕೂರ್ಮಕಥೆ. ವಾರಾಣಸಿಯ ಬಳಿಯ ಮಡುವೊಂದರಿಂದ ಎರಡು ಆಮೆಗಳು ಸಂಜೆ ಆಹಾರ ಅರಸಿ ದಡಕ್ಕೆ ಬರುತ್ತವೆ. ನರಿಗಳೆರಡನ್ನು ಕಂಡು ಅಂಗಾಂಗಗಳನ್ನು ಚಿಪ್ಪಿನೊಳಗೆ ಸೆಳೆದುಕೊಳ್ಳುತ್ತವೆ. ನರಿಗಳು ಮರೆಯಲ್ಲಿ ಕಾಯುತ್ತವೆ. ತಾಳ್ಮೆಗೆಟ್ಟು ಒಂದೊಂದೇ ಕಾಲನ್ನು ಹೊರಚಾಚಿದ ಆಮೆ ಅವುಗಳ ಬಾಯಿಗೆ ತುತ್ತಾಗುತ್ತದೆ. ಅಡಗಿಯೇ ಇದ್ದ ಇನ್ನೊಂದು ಬದುಕುಳಿಯುತ್ತದೆ. ಇಂದ್ರಿಯಗಳನ್ನು ನಿಗ್ರಹಿಸಿದ ಸಾಧಕನೇ ಪಾರಾಗುವನೆಂಬುದು ತಾತ್ಪರ್ಯ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸಿಬಿಡುವುದುಂಟು. ಆದರೆ ಮೂಲದ ಆಮೆ ಚಿಪ್ಪಿನೊಳಗೇ ಉಳಿಯುವುದಿಲ್ಲ. ನರಿಗಳು ಹೋದ ಮೇಲೆ ಸುತ್ತಲೂ ನೋಡಿ, ನಾಲ್ಕೂ ಕಾಲುಗಳನ್ನು ಚಾಚಿ, ಮಡುವಿಗೆ ಮರಳಿ ತನ್ನವರನ್ನು ಕೂಡಿಕೊಳ್ಳುತ್ತದೆ. ಕಥೆಯ ಸಾರವಿರುವುದು ಈ ಮರಳುವಿಕೆಯಲ್ಲಿ. ಅಡಗುವುದು ಸಾಧನ, ಬಿಡುಗಡೆಯೇ ಫಲ. ಫಲವನ್ನು ಕೈಬಿಟ್ಟು ಸಾಧನವನ್ನಷ್ಟೇ ಹೊಗಳಿದರೆ ಉಪಮೆ ಕುಂಟುತ್ತದೆ.

ಈ ಅರ್ಧ ಓದಿನ ಪರಿಣಾಮವನ್ನು ನಕ್ಷತ್ರ ಆಮೆಯನ್ನು ಸಾಕುವ ಮನೆಗಳಲ್ಲಿ ಕಾಣಬಹುದು. ಮೂಲೆಯಲ್ಲಿ ತಲೆಯೊಳಗೆಳೆದು ಕುಳಿತ ಆಮೆಯನ್ನು ಕಂಡು ‘ಎಷ್ಟು ಶಾಂತ ಪ್ರಾಣಿ’ ಎನ್ನುತ್ತಾರೆ. ಅದು ಶಾಂತಿಯಲ್ಲ, ಭಯ. ಎಷ್ಟೋ ವೇಳೆ ಅನಾರೋಗ್ಯ. ಮಡುವಿನ ಆಮೆಯ ಕಥೆ ಕೇಳಿದವರು ಇದನ್ನೂ ನೀರಿನ ತೊಟ್ಟಿಯಲ್ಲಿಡುತ್ತಾರೆ. ಆದರೆ ಇದು ಭಾರತ, ಶ್ರೀಲಂಕಾ, ಪಾಕಿಸ್ತಾನಗಳ ಒಣ ಕುರುಚಲು ಕಾಡಿನ ನೆಲವಾಸಿ. ಈಜಲಾರದು, ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಇದರ ಆಹಾರ ಹುಲ್ಲು, ಸೊಪ್ಪು, ಹೂವು. ಕರುಣೆಯಿಂದ ಕೊಡುವ ಹಾಲು, ಅನ್ನ, ಬ್ರೆಡ್ಡು ಅದಕ್ಕೆ ಹಿತವಲ್ಲ. ಬಿಸಿಲು ಕಾಣದೆ, ಸುಣ್ಣದ ಅಂಶ ಸಾಲದೆ ಬೆಳೆದರೆ ಚಿಪ್ಪು ಮೆತ್ತಗಾಗಿ ವಿಕಾರಗೊಳ್ಳುತ್ತದೆ.

ಉಭಯ ಸಂಪ್ರದಾಯಗಳಿಗೂ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಪ್ರೀತಿಯಿಂದ ಕಟ್ಟಿದರೂ ಬಂಧ ಬಂಧವೇ. ಸಲ್ಲದ ಆಹಾರವಿಟ್ಟು ಸಲ್ಲುವುದನ್ನು ತಪ್ಪಿಸುವುದು ನಿರೋಧಕ್ಕೆ ದೂರವಲ್ಲ. ‘ನಾವು ಕೊಲ್ಲಲಿಲ್ಲ, ಸಾಕಿದೆವು’ ಎಂಬ ವಾದವು ಜಮೆಯನ್ನಷ್ಟೇ ಬರೆದು ಖರ್ಚನ್ನು ಮುಚ್ಚಿಟ್ಟ ಲೆಕ್ಕದಂತೆ. ಮನೆಗೆ ಶುಭವೆಂದು ಹಣ ಕೊಟ್ಟು ತಂದ ಪ್ರತಿಯೊಂದು ಆಮೆಯೂ ಕಾಡಿನಿಂದ ಇನ್ನೊಂದನ್ನು ಹಿಡಿದು ತರಲು ಬೇಟೆಗಾರನಿಗೆ ಕೊಟ್ಟ ಮುಂಗಡವೇ ಸರಿ.

ರಾಜಶಾಸನವೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಿಂದ ನಕ್ಷತ್ರ ಆಮೆ ಮೊದಲನೆಯ ಅನುಸೂಚಿಗೆ ಸೇರಿದೆ. 2019ರಲ್ಲಿ ಅಂತಾರಾಷ್ಟ್ರೀಯ ಒಪ್ಪಂದವು ಕಾಡಿನ ನಕ್ಷತ್ರ ಆಮೆಗಳ ವ್ಯಾಪಾರವನ್ನು ನಿಷೇಧಿಸಿತು.

ತಪ್ಪಿನ ಅರಿವಾದವರು ಆಮೆಯನ್ನು ದೇವಾಲಯದ ಕೊಳಕ್ಕೆ ಬಿಟ್ಟು ಜೀವದಯೆ ಮಾಡಿದೆವೆಂದು ಸಮಾಧಾನಪಡುವುದು ಎರಡನೆಯ ತಪ್ಪು. ನೆಲದ ಆಮೆಗೆ ಕೊಳವು ಮೃತ್ಯುಕೂಪ. ಕಂಡ ಕಾಡಿಗೆ ಬಿಟ್ಟರೂ ರೋಗ ಹರಡುವ ಭಯವುಂಟು. ಟ್ರಸ್ಟುಗಳು ಅಂತಹ ಆಮೆಯನ್ನು ಕೊಳಕ್ಕೆ ಬಿಡಗೊಡದೆ, ತಂದವರನ್ನು ಅರಣ್ಯ ಇಲಾಖೆಗೆ ಕಳುಹಿಸುವುದು ಯುಕ್ತ.

ಇಪ್ಪತ್ತನೆಯ ತೀರ್ಥಂಕರ ಮುನಿಸುವ್ರತರ ಲಾಂಛನ ಕೂರ್ಮ. ಪೀಠದ ಮೇಲಿನ ಆ ಶಿಲಾಕೂರ್ಮಕ್ಕೆ ಕೈಮುಗಿದ ಶ್ರಾವಕನು ಮನೆಯ ಮೂಲೆಯ ಪಂಚೇಂದ್ರಿಯ ಜೀವಕ್ಕೆ ಋಣಿ. ಕಥೆಯ ಆಮೆ ತನ್ನವರ ಬಳಿಗೆ ಮರಳಿತು. ಮನೆಯ ಆಮೆಗೆ ಆ ದಾರಿಯನ್ನು ಮುಚ್ಚಿರುವುದು ನರಿಯಲ್ಲ.